ವೈನಿಯ ಮೂರು ಟ್ರಂಕುಗಳು

ನಮ್ಮ ಹುಮನಾಬಾದ್, ಬಸವಕಲ್ಯಾಣದ ಕಡೆಯ ಹೆಂಗಸರಿಗೆ ಮಾಲಿನ ದರ್ಜೆ ಹೇಳುವುದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ತೊಗರಿ ಬೇಳೆಯನ್ನು ಅಂಗೈಯಲ್ಲಿ ಹಾಕಿಕೊಂಡು ಹೆಬ್ಬೆರಳಿನಿಂದ ಒಮ್ಮೆ ಹೊರಳಿಸಿದರೆ ಸಾಕು, ಅದು ಈ ವರ್ಷದ್ದೋ ಹೋದ ವರ್ಷದ್ದೋ, ಬೇಗ ಬೇಯುತ್ತದೆಯೋ ಇಲ್ಲವೋ ಹೇಳಿಬಿಡುತ್ತೇವೆ. ಜೋಳದ ಒಂದು ಕಾಳನ್ನು ಹಲ್ಲಿಗೆ ಕೊಟ್ಟು ರೊಟ್ಟಿ ಹೇಗೆ ಬಂದೀತು ಎಂದು ಅಂದಾಜು ಕಟ್ಟುತ್ತೇವೆ. ಸೀರೆಯ ಸೆರಗನ್ನು ಅಂಗಡಿಯ ಬಾಗಿಲ ಬೆಳಕಿಗೆ ಹಿಡಿದು ನೋಡುತ್ತೇವೆ. ಒಬ್ಬ ಅಕ್ಕಸಾಲಿಗ ತೂಗಿದ ಬಂಗಾರವನ್ನು ಇನ್ನೊಬ್ಬನ ಹತ್ತಿರ ತೂಗಿಸಿಯೇ ಮನೆಗೆ ಬರುತ್ತೇವೆ. ಇಷ್ಟೆಲ್ಲ ಇದ್ದರೂ ನಮಗೆ ವ್ಯಾಪಾರ ಗೊತ್ತು ಎಂದು ಯಾರೂ ಅನ್ನುವುದಿಲ್ಲ. ಗಂಡಸರು ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಮಾಡಿದರೆ ಅದು ವ್ಯಾಪಾರ. ನಾವು ಬಾಗಿಲಲ್ಲಿ ನಿಂತು ಮಾಡಿದರೆ ಚೌಕಾಸಿ.

ಈ ಮಾತು ಯಾಕೆ ತೆಗೆದೆನೆಂದರೆ, 2024ರ ದೀಪಾವಳಿಯ ನಂತರ ನಾನು ಮತ್ತು ನನ್ನ ವೈನಿ ಸೇರಿ ಒಂದು ವ್ಯಾಪಾರ ಮಾಡಿದೆವು. ವೈನಿ ಎಂದರೆ ನಮ್ಮ ಕಡೆ ಅಣ್ಣನ ಹೆಂಡತಿ. ಮೈಸೂರಿನ ಕಡೆಯವರು ಅತ್ತಿಗೆ ಎನ್ನುತ್ತಾರೆ. ನಾವು ಮಾರಿದ್ದು ಹಪ್ಪಳವಲ್ಲ, ಶೇಂಗಾ ಚಟ್ನಿಯೂ ಅಲ್ಲ. ಮಕ್ಕಳು ಓದುವ ಹಳೆಯ ಚಿತ್ರಕಥೆ ಪುಸ್ತಕಗಳು, ಅಂದರೆ ಕಾಮಿಕ್ಸು. ಕೇಳಿದವರೆಲ್ಲ ಮೊದಲು ನಕ್ಕರು. ರದ್ದಿ ಮಾರುವುದಕ್ಕೆ ಇಬ್ಬರು ಮುದುಕಿಯರು ಯಾಕೆ ಬೇಕು ಎಂದು ನನ್ನ ಯಜಮಾನರೇ ಕೇಳಿದರು.

ನಮ್ಮ ತವರು ಬಸವಕಲ್ಯಾಣ. ಅಣ್ಣ 1974ರಲ್ಲಿ ಅಲ್ಲಿ ಒಂದು ಸಣ್ಣ ಅಂಗಡಿ ಹಾಕಿದ. ಮುಂದೆ ನೋಟ್‌ಬುಕ್ಕು, ಪೆನ್ನು, ಗಾಳಿಪಟದ ಕಾಗದ. ಒಳಗೆ ಗೋಡೆಯಿಂದ ಗೋಡೆಗೆ ಸುತಳಿ ಕಟ್ಟಿ, ಅದರ ಮೇಲೆ ಬಟ್ಟೆ ಒಣಹಾಕಿದ ಹಾಗೆ ಚಿತ್ರಕಥೆಗಳನ್ನು ನೇತುಹಾಕುತ್ತಿದ್ದ. ಅಲ್ಲೇ ಬೆಂಚಿನ ಮೇಲೆ ಕೂತು ಓದಿದರೆ ಹತ್ತು ಪೈಸೆ, ಮನೆಗೆ ಒಯ್ದರೆ ದಿನಕ್ಕೆ ನಾಲ್ಕಾಣೆ. ನಮ್ಮೂರು ಹೆದ್ದಾರಿಯ ಮೇಲಿಲ್ಲ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಬಸ್ಸುಗಳು ಸಸ್ತಾಪುರ ಬಂಗ್ಲಾದಲ್ಲಿ ನಮ್ಮನ್ನು ಇಳಿಸಿ ಹುಮನಾಬಾದಿನ ಕಡೆಗೆ ಹೋಗಿಬಿಡುತ್ತವೆ. ಅಣ್ಣ ತಿಂಗಳಿಗೊಮ್ಮೆ ಆ ಬಂಗ್ಲಾದಲ್ಲಿ ನಿಂತು ಬಸ್ಸು ಹಿಡಿದು, ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹರಡುವ ಹಳೆ ಪುಸ್ತಕದ ಬಜಾರಿಗೆ ಹೋಗುತ್ತಿದ್ದ. ಸೋಮವಾರ ಬೆಳಗ್ಗೆ ಒಂದು ಗೋಣಿಚೀಲ ಹೊತ್ತು ಬರುತ್ತಿದ್ದ. ಅದರಲ್ಲಿ ಇಂಗ್ಲಿಷು, ಹಿಂದಿ, ಮರಾಠಿ, ಕನ್ನಡ ಎಲ್ಲವೂ ಇರುತ್ತಿದ್ದವು. ನಮ್ಮದು ನಿಜಾಮರ ಆಳ್ವಿಕೆಯಿಂದ ಬಂದ ಸೀಮೆ. ನಾಲ್ಕು ಭಾಷೆ ನಮಗೆ ಹೊಸದಲ್ಲ.

ಮನೆಮನೆಗೆ ಟೀವಿ ಬಂದ ಮೇಲೆ ಬೆಂಚಿನ ಮೇಲೆ ಕೂಡುವವರು ಕಡಿಮೆಯಾದರು. 1993ರಲ್ಲಿ ಅಣ್ಣ ಬಾಡಿಗೆ ಪುಸ್ತಕ ನಿಲ್ಲಿಸಿ, ಉಳಿದದ್ದನ್ನೆಲ್ಲ ಮೂರು ತಗಡಿನ ಟ್ರಂಕುಗಳಲ್ಲಿ ತುಂಬಿದ. ಅಲ್ಲಿಂದ ಮುಂದೆ ಆ ಟ್ರಂಕುಗಳು ವೈನಿಯ ಪಾಲಿಗೆ ಬಂದವು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಅವಳು ಅವನ್ನು ತೆಗೆದು, ನೆರಳಲ್ಲಿ ಗಾಳಿಗೆ ಹರಡಿ, ತಳಕ್ಕೆ ಒಣಗಿದ ಬೇವಿನ ಎಲೆ ಹಾಸಿ, ಮೂಲೆಗೆ ಡಾಂಬರು ಗುಳಿಗೆ ಇಟ್ಟು ಮತ್ತೆ ತುಂಬುತ್ತಿದ್ದಳು. ಮೂವತ್ತು ವರ್ಷ ಹೀಗೆ ಮಾಡಿದಳು. ಒಂದು ಪುಸ್ತಕಕ್ಕೂ ಒರಲಿ ಹತ್ತಲಿಲ್ಲ. 2021ರಲ್ಲಿ ಅಣ್ಣ ತೀರಿಕೊಂಡ ಮೇಲೂ ಈ ಕೆಲಸ ನಿಲ್ಲಲಿಲ್ಲ.

ಹಳೆ ಮನೆ ಕೆಡವಿ ಕಟ್ಟಬೇಕೆಂದು ವೈನಿಯ ಮಗ ಹೊರಟಾಗ ಟ್ರಂಕುಗಳ ಪ್ರಶ್ನೆ ಎದ್ದಿತು. ಅದೇ ವೇಳೆಗೆ ದೊಡ್ಡ ಊರಿನ ಹಳೆ ಪುಸ್ತಕದ ವ್ಯಾಪಾರಿಯೊಬ್ಬರು ಯಾರ ಕಡೆಯಿಂದಲೋ ತಿಳಿದು ಮನೆಗೆ ಬಂದರು. ಟ್ರಂಕು ತೆರೆದು, ಮೇಲಿನ ಹತ್ತು ಹನ್ನೆರಡನ್ನು ತಿರುವಿ, ಮುಖದ ಮೇಲೆ ಏನೂ ತೋರಗೊಡದೆ, ಮೂರಕ್ಕೂ ಸೇರಿ ಒಂಬತ್ತು ಸಾವಿರ ಎಂದರು. ರದ್ದಿಗೆ ಹಾಕಿದರೆ ಸಾವಿರವೂ ಬರುವುದಿಲ್ಲ ಎಂದು ಸೇರಿಸಿದರು. ಅದು ಸುಳ್ಳಲ್ಲ. ಮಗನಿಗೆ ಒಂಬತ್ತು ಸಾವಿರ ಸಿಮೆಂಟಿನ ಹಾಗೆ ಕಂಡಿತು. ವೈನಿಯ ಲೆಕ್ಕವೇ ಬೇರೆ ಇತ್ತು. ಅವಳ ಮೊಮ್ಮಗಳು, ಮಗಳ ಮಗಳು, ಬೀದರಿನಲ್ಲಿ ನರ್ಸಿಂಗ್ ಕೋರ್ಸಿಗೆ ಸೇರಿದ್ದಳು. ಆ ಹುಡುಗಿಯ ತಂದೆ ಇಲ್ಲ. ಎರಡನೇ ವರ್ಷದ ಫೀ ಎಲ್ಲಿಂದ ಬರಬೇಕೆಂಬುದು ಯಾರಿಗೂ ಗೊತ್ತಿರಲಿಲ್ಲ.

"ಅದು ಅಪ್ಪನ ಅಂಗಡಿ ಮಾಲು ಅತ್ತಿ. ಬಂದ ರೊಕ್ಕ ಮನಿಗೇ ಹೋಗ್ಬೇಕಲ್ಲ?" ಎಂದು ಅವನು ನನ್ನನ್ನು ಕೇಳಿದ. ನ್ಯಾಯ ಹೇಳಲು ನನ್ನನ್ನು ಹುಮನಾಬಾದಿನಿಂದ ಕರೆಸಿದ್ದರು. ನಾನು ಮೂವತ್ತು ವರ್ಷ ಮಾಸ್ತರಿಕೆ ಮಾಡಿದವಳು. ಇಬ್ಬರು ಜಗಳಾಡಿದರೆ ಮೊದಲು ಇಬ್ಬರ ಪಾಟಿಯನ್ನೂ ಇಸಿದುಕೊಂಡು ನೋಡುವುದು ನನ್ನ ರೂಢಿ. ಆ ಟ್ರಂಕಿನೊಳಗೆ ಏನಿದೆ ಎಂಬುದೇ ಯಾರಿಗೂ ಸರಿಯಾಗಿ ಗೊತ್ತಿಲ್ಲದಾಗ ಒಂಬತ್ತು ಸಾವಿರ ಹೆಚ್ಚೋ ಕಡಿಮೆಯೋ ಹೇಳುವುದು ಹೇಗೆ? ಮೂರು ತಿಂಗಳು ತಡೆಯಿರಿ ಎಂದೆ. ವ್ಯಾಪಾರಿ ಮುಖ ಸಣ್ಣದು ಮಾಡಿ ಹನ್ನೆರಡು ಸಾವಿರ ಎಂದರು. ಕೂತಲ್ಲೇ ಮೂರು ಸಾವಿರ ಏರಿತೆಂದರೆ ಒಳಗೆ ಏನೋ ಇದೆ ಎಂದು ವೈನಿಗೂ ಹೊಳೆಯಿತು. ಸೀರೆ ಅಂಗಡಿಯಲ್ಲಿ ನಾವು ಎದ್ದು ನಿಂತ ಮೇಲೆ ಬೆಲೆ ಇಳಿಯುವುದಿಲ್ಲವೇ, ಅದೇ ಆಟ ತಿರುವುಮುರುವಾಗಿ.

ಪಡಸಾಲೆಯಲ್ಲಿ ಹಳೆ ಸೀರೆ ಹಾಸಿ, ಮೂರೂ ಟ್ರಂಕನ್ನು ಬರಿದು ಮಾಡಿ ಎಣಿಸಿದೆವು. 384 ಪುಸ್ತಕಗಳು. ಮೊಮ್ಮಗಳು ರಜೆಗೆ ಬಂದಿದ್ದಳು. ಅವಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು, ನಾವಿಬ್ಬರೂ ಕೇಳಿದೆವು. ಅಮೆರಿಕದಲ್ಲಿ ಈ ವ್ಯಾಪಾರಕ್ಕೆ ಒಂದು ಶಾಸ್ತ್ರವೇ ಇದೆ. ಓವರ್‌ಸ್ಟ್ರೀಟ್ ಎಂಬವರು 1970ರಿಂದ ಹಳೆ ಕಾಮಿಕ್ಸಿನ ದರಪಟ್ಟಿಯ ಪುಸ್ತಕ ತರುತ್ತ ಬಂದರು. 2000ದಲ್ಲಿ ಸಿಜಿಸಿ ಎಂಬ ಸಂಸ್ಥೆ ಹುಟ್ಟಿತು. ಅಲ್ಲಿಗೆ ಕಳಿಸಿದರೆ ಪುಸ್ತಕವನ್ನು ಪರೀಕ್ಷೆ ಮಾಡಿ, ಅರ್ಧದಿಂದ ಹತ್ತರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಮುಚ್ಚಿ ಕೊಡುತ್ತಾರಂತೆ. ಆ ಅಂಕಪಟ್ಟಿ ಕೇಳಿ ನನಗೆ ನಗು ಬಂತು. ಅಲ್ಲಿ 'ಗುಡ್' ಎಂದರೆ ಹತ್ತಕ್ಕೆ ಎರಡು ಅಂಕ! 'ವೆರಿ ಗುಡ್' ಎಂದರೆ ನಾಲ್ಕು. 'ಫೈನ್' ಎಂದರೆ ಆರು. ನನ್ನ ಶಾಲೆಯಲ್ಲಿ ಎರಡು ಅಂಕದವನಿಗೆ ಗುಡ್ ಎಂದು ಬರೆದಿದ್ದರೆ ಅವನ ಅಪ್ಪ ಪೇಡೆ ಹಂಚುತ್ತಿದ್ದ.

ವೈನಿಗೆ ಈ ಅಂಕಗಳು ತಲೆಗೆ ಹತ್ತಲಿಲ್ಲ. ಆದರೆ ಅದರ ಹಿಂದಿನ ವಿಚಾರ ಒಂದೇ ಸಲಕ್ಕೆ ತಿಳಿಯಿತು. "ಅಂದ್ರ ಸೀರಿ ಇದ್ದಂಗ," ಎಂದಳು. ಅವಳು ತನ್ನದೇ ನಾಲ್ಕು ರಾಶಿ ಮಾಡಿದಳು. ಮಡಿಕೆ ಬಿಚ್ಚದ ಹೊಸ ಸೀರೆ ಒಂದು. ಮದುವೆಗೆ ಎರಡು ಸಲ ಉಟ್ಟು ಇಟ್ಟದ್ದು ಎರಡು. ದಿನಾ ಉಡುವುದು ಮೂರು. ಕೌದಿಗೆ ಹೋಗುವುದು ನಾಲ್ಕು. ಈ ನಾಲ್ಕು ರಾಶಿಗೆ ಅಮೆರಿಕದ ಅಂಕ ಹಚ್ಚಿ ನೋಡಿದರೆ ಒಂಬತ್ತು, ಆರು, ನಾಲ್ಕು, ಒಂದು ಎಂದು ಹೆಚ್ಚುಕಡಿಮೆ ಕೂಡುತ್ತಿದ್ದವು.

ನೋಡಬೇಕಾದದ್ದು ಏನೇನು ಎಂಬುದನ್ನು ಇಲ್ಲಿ ಬರೆದುಬಿಡುತ್ತೇನೆ. ನಿಮ್ಮ ಮನೆಯ ಅಟ್ಟದ ಮೇಲೂ ಒಂದು ಟ್ರಂಕು ಇರಬಹುದು. ಮೊದಲು ಪುಸ್ತಕದ ಬೆನ್ನು. ಮಡಿಕೆಯ ಉದ್ದಕ್ಕೂ ಸಣ್ಣ ಸಣ್ಣ ಬಿಳಿ ಗೆರೆ ಎದ್ದಿದ್ದರೆ ಅಷ್ಟು ಸಲ ತೆರೆದು ಓದಿದ್ದಾರೆ ಎಂದರ್ಥ. ಆಮೇಲೆ ಪಿನ್ನು: ತುಕ್ಕು ಹಿಡಿದಿದೆಯೇ, ಆ ತುಕ್ಕು ಕಾಗದಕ್ಕೆ ಇಳಿದಿದೆಯೇ, ನಡುವಿನ ಹಾಳೆ ಪಿನ್ನಿನಿಂದ ಬಿಟ್ಟಿದೆಯೇ. ನಂತರ ಪುಟಗಳನ್ನು ಎಣಿಸಬೇಕು. ಹುಡುಗರು ಕೂಪನ್ನು ಕತ್ತರಿಸಿ ಕಳಿಸಿರುತ್ತಾರೆ, ಒಗಟಿಗೆ ಉತ್ತರ ಬರೆದಿರುತ್ತಾರೆ, ಇಷ್ಟವಾದ ಚಿತ್ರ ಹರಿದುಕೊಂಡಿರುತ್ತಾರೆ. ಇನ್ನು ಕಾಗದದ ಬಣ್ಣ. ಈ ಪುಸ್ತಕಗಳ ಕಾಗದ ಮರದ ತಿರುಳಿನ ಅಗ್ಗದ ಕಾಗದ. ಅದರಲ್ಲಿರುವ ಲಿಗ್ನಿನ್ ಎಂಬ ಅಂಶ ಬೆಳಕು, ಗಾಳಿ, ಶಾಖ ತಾಗಿದಂತೆ ಹಳದಿಯಾಗಿ, ಕಂದಾಗಿ, ಕಡೆಗೆ ಹಪ್ಪಳದ ಹಾಗೆ ಮುರಿಯುತ್ತದೆ. ಬಿಳಿ, ಕೆನೆ, ಕಂದು, ಪುಡಿ ಎಂದು ಇದಕ್ಕೂ ಮೆಟ್ಟಿಲುಗಳಿವೆ. ಕರಾವಳಿಯವರ ಮನೆಯಲ್ಲಿ ತೇವಕ್ಕೆ ಬೂಸರು ಬರುತ್ತದೆ. ನಮ್ಮ ಬೀದರ ಜಿಲ್ಲೆಯ ಒಣ ಹವೆ ಆ ಮಟ್ಟಿಗೆ ಕಾಗದಕ್ಕೆ ಒಳ್ಳೆಯದು, ಬೇಸಿಗೆಯ ತಗಡಿನ ಕೆಳಗೆ ಇಡದಿದ್ದರೆ.

ರಿಪೇರಿ ಮಾಡಿದ್ದಕ್ಕೆ ಈ ವ್ಯಾಪಾರದಲ್ಲಿ ಮರ್ಯಾದೆ ಇಲ್ಲ. ಸೆಲೊಟೇಪು ಹಚ್ಚಿದ ಜಾಗ ಕೆಲವು ವರ್ಷದಲ್ಲಿ ಕಂದು ಪಟ್ಟಿಯಾಗುತ್ತದೆ. ಮೂರು ನಾಲ್ಕು ಪುಸ್ತಕ ಸೇರಿಸಿ ದಬ್ಬಣದಿಂದ ಹೊಲಿದು, ರಟ್ಟು ಅಂಟಿಸಿ, ಅಂಚು ಕತ್ತರಿಸಿದ್ದರಂತೂ ಬೆಲೆ ಕಾಲು ಭಾಗಕ್ಕೆ ಬೀಳುತ್ತದೆ. ಬಾಡಿಗೆ ಅಂಗಡಿಯವರೆಲ್ಲ ಮಾಡುತ್ತಿದ್ದದ್ದು ಅದನ್ನೇ. ಹಾಗೆ ಹೊಲಿಯದಿದ್ದರೆ ಪುಸ್ತಕ ಒಂದು ತಿಂಗಳೂ ಬಾಳುತ್ತಿರಲಿಲ್ಲ. ಅಣ್ಣ ಬೆಂಚಿನ ಪುಸ್ತಕಗಳನ್ನಷ್ಟೇ ಹೊಲಿದು, ಎರಡೆರಡು ಇದ್ದವುಗಳಲ್ಲಿ ಒಂದನ್ನು ಹಾಗೇ ಎತ್ತಿಡುತ್ತಿದ್ದ. ಈಗ ಬೆಲೆ ಬರುವುದು ಆ ಎತ್ತಿಟ್ಟದ್ದಕ್ಕೆ. ಸಾವಿರ ಹುಡುಗರು ಹತ್ತು ಪೈಸೆ ಕೊಟ್ಟು ಓದಿದ ಪುಸ್ತಕ ಕೌದಿಯ ರಾಶಿಗೆ ಹೋಗುತ್ತದೆ, ಯಾರೂ ಓದದೆ ಉಳಿದದ್ದು ಹೊಸ ಸೀರೆಯ ರಾಶಿಗೆ. ಮಾಸ್ತರಳಾದ ನನಗೆ ಇದು ಕಡೆಯವರೆಗೂ ಸರಿಯಾಗಿ ಒಗ್ಗಲಿಲ್ಲ.

ಸ್ಥಿತಿ ನೋಡಿದ ಮೇಲೆ ಯಾವ ಪುಸ್ತಕ, ಯಾವ ಮುದ್ರಣ ಎಂಬುದನ್ನು ನೋಡಬೇಕು. ನಮ್ಮಲ್ಲಿದ್ದದ್ದು ಮುಖ್ಯವಾಗಿ ಎರಡು ಬಗೆ. ಒಂದು ಇಂದ್ರಜಾಲ ಕಾಮಿಕ್ಸು. ಟೈಮ್ಸ್ ಆಫ್ ಇಂಡಿಯಾದವರು 1964ರ ಮಾರ್ಚಿನಲ್ಲಿ ಶುರು ಮಾಡಿ 1990ರಲ್ಲಿ ನಿಲ್ಲಿಸಿದರು. ಮೊದಲ 32 ಸಂಚಿಕೆಗಳಲ್ಲಿ ಫ್ಯಾಂಟಮ್ಮನದೇ ಕಥೆ. ಹಿಂದಿ, ಮರಾಠಿಯಲ್ಲಿ ಅವನು ವೇತಾಳ. ಆಮೇಲೆ ಮ್ಯಾಂಡ್ರೇಕ್, ಫ್ಲ್ಯಾಶ್ ಗಾರ್ಡನ್ ಮೊದಲಾದವರು ಬಂದರು. 1976ರ ಡಿಸೆಂಬರಿನಲ್ಲಿ ಆಬಿದ್ ಸುರತಿಯವರ ಬಹಾದ್ದೂರ್ ಬಂದ, ಕುರ್ತಾ ತೊಟ್ಟು ಜೀನ್ಸ್ ಹಾಕಿದ ನಮ್ಮ ನಾಡಿನ ವೀರ. ಕ್ರಮಸಂಖ್ಯೆ 805ರವರೆಗೆ ಹೋದರೂ ಬಂದ ಸಂಚಿಕೆಗಳು 803 ಮಾತ್ರ. ಮುಷ್ಕರದಿಂದಾಗಿ 123 ಮತ್ತು 124 ಅಚ್ಚಾಗಲೇ ಇಲ್ಲ. ಯಾರಾದರೂ ನಿಮಗೆ 123ನೆಯದನ್ನು ಮಾರಲು ಬಂದರೆ ನೀರು ಕೊಟ್ಟು ಕಳಿಸಿಬಿಡಿ.

ಇನ್ನೊಂದು ಅಮರ ಚಿತ್ರ ಕಥೆ. ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಮುಂಬಯಿಯ ಇಂಡಿಯಾ ಬುಕ್ ಹೌಸ್‌ನಿಂದ 1967ರ ನಂತರ ಅವರು ತಂದ ಪುರಾಣದ ಮಾಲೆಯಲ್ಲಿ ಮೊದಲನೆಯದು 'ಕೃಷ್ಣ', ರಾಮ್ ವಾಯೀರ್ಕರ್ ಬರೆದ ಚಿತ್ರಗಳು. ಆದರೆ ಅದರ ಸಂಖ್ಯೆ 1 ಅಲ್ಲ, 11. ಮೊದಲ ಹತ್ತು ಪಾಶ್ಚಾತ್ಯ ಮಕ್ಕಳ ಕಥೆಗಳು. ಆ ಹತ್ತೂ 1965ರಲ್ಲಿ ಬೆಂಗಳೂರಿನಲ್ಲಿ, ಕನ್ನಡದಲ್ಲೇ ಮೊದಲು ಬಂದವು ಎಂದು ಆಗ ಅದೇ ಸಂಸ್ಥೆಯಲ್ಲಿದ್ದ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ಈ ಪುಸ್ತಕಗಳು ಎಷ್ಟೋ ಸಲ ಮರುಮುದ್ರಣವಾಗಿವೆ. ಆದ್ದರಿಂದ ಹಳೆಯ ಕಥೆ ಎಂದಾಕ್ಷಣ ಹಳೆಯ ಪುಸ್ತಕ ಎನ್ನಲಾಗದು. ಮುಖಪುಟದ ಬೆಲೆ, ಸಂಖ್ಯೆ, ಹಿಂಬದಿಯ ಜಾಹೀರಾತು ನೋಡಬೇಕು. ಅದೇ 'ಕೃಷ್ಣ'ದ ಮೇಲೆ 501 ಎಂದಿದ್ದರೆ ಅದು 1990ರ ದಶಕದಿಂದ ಈಚಿನ ಮರುಮುದ್ರಣ. ಬೇಳೆ ಒಂದೇ, ಬೆಳೆದ ವರ್ಷ ಬೇರೆ.

ಇನ್ನು ಬೆಲೆಯ ಮಾತು. ಮೊಮ್ಮಗಳು ಅಂತರ್ಜಾಲ ನೋಡಿ, "ಅಜ್ಜಿ, ಇದೇ ನಂಬರಿಗೆ ಒಬ್ರು ಹದಿನೈದು ಸಾವಿರ ಹಾಕ್ಯಾರ!" ಎಂದು ಕುಣಿದಳು. ವೈನಿ ಕೇಳಿದ್ದು ಒಂದೇ ಪ್ರಶ್ನೆ: "ಯಾರರ ಕೊಟ್ಟಾರೇನು?" ಕೇಳುವ ಬೆಲೆಗೂ ಕೈಗೆ ಬಂದ ಬೆಲೆಗೂ ಇರುವ ದೂರ ಸಂತೆಗೆ ಹೋಗುವ ಯಾವ ಹೆಂಗಸಿಗೂ ಗೊತ್ತು. ಆದ್ದರಿಂದ ನಾವು ಮಾರಿದ ಬೆಲೆಗಳನ್ನು ಮಾತ್ರ ನೋಡಿದೆವು. ಪುಣೆ, ಬೆಂಗಳೂರು, ಕೋಲ್ಕತ್ತಾದ ಸಂಗ್ರಹಕಾರರು ಯಾವುದಕ್ಕೆ ಎಷ್ಟು ಕೊಟ್ಟರು ಎಂದು ಎರಡು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋದೆವು. ಅಮೆರಿಕದ ಹಾಗೆ ನಮ್ಮ ಪುಸ್ತಕಗಳಿಗೆ ಎಲ್ಲರೂ ಒಪ್ಪುವ ದರಪಟ್ಟಿ ಇಲ್ಲ. ಇಂದ್ರಜಾಲದ 1960ರ ದಶಕದ ಸಂಚಿಕೆ ಮದುವೆ ಸೀರೆಯ ರಾಶಿಯಲ್ಲಿದ್ದರೆ ಸಾವಿರಗಳಲ್ಲಿ ಮಾತು. 1980ರ ದಶಕದ್ದು ನೂರಿನ್ನೂರು. ಅಮರ ಚಿತ್ರ ಕಥೆಯ ಮರುಮುದ್ರಣ ಐವತ್ತಕ್ಕೂ ಕಷ್ಟ. ಅಪರೂಪವಾದದ್ದಕ್ಕೆಲ್ಲ ಬೆಲೆ ಬಂದೇ ಬರುತ್ತದೆ ಎಂದೂ ಇಲ್ಲ. ಕೇಳುವವನೂ ಇರಬೇಕು. ತನ್ನ ಸಾಲಿನಲ್ಲಿ ಒಂದೇ ಸಂಚಿಕೆ ಕಡಿಮೆ ಇರುವವನು ಕೊಡುವ ಬೆಲೆ ಬೇರೆ ಯಾರೂ ಕೊಡುವುದಿಲ್ಲ. ಅವನು ಸಿಕ್ಕುವವರೆಗೆ ತಾಳುವುದೇ ಅರ್ಧ ವ್ಯಾಪಾರ.

2025ರ ನವೆಂಬರಿನಲ್ಲಿ ಅಮೆರಿಕದಲ್ಲಿ ಒಂದು ಹರಾಜಾಯಿತು. 1939ರಲ್ಲಿ ಹತ್ತು ಸೆಂಟಿಗೆ ಮಾರಿದ್ದ ಸೂಪರ್‌ಮ್ಯಾನ್ ಮೊದಲ ಸಂಚಿಕೆಯ ಒಂದು ಪ್ರತಿ 91 ಲಕ್ಷ 20 ಸಾವಿರ ಡಾಲರಿಗೆ, ಅಂದರೆ ಸುಮಾರು 80 ಕೋಟಿ ರೂಪಾಯಿಗೆ ಹೋಯಿತು. ಹತ್ತಕ್ಕೆ ಒಂಬತ್ತು ಅಂಕದ ಪ್ರತಿ. ಕ್ಯಾಲಿಫೋರ್ನಿಯಾದ ಮೂವರು ಅಣ್ಣತಮ್ಮಂದಿರಿಗೆ ಅದು ಸಿಕ್ಕಿದ್ದು ತೀರಿಕೊಂಡ ತಾಯಿಯ ಮನೆಯ ಅಟ್ಟದಲ್ಲಿ, ಹಳೆ ವೃತ್ತಪತ್ರಿಕೆಗಳ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿ. ಆ ತಾಯಿ ಹುಡುಗಿಯಾಗಿದ್ದಾಗ ತನ್ನ ಅಣ್ಣನ ಜೊತೆ ಸೇರಿ ಕೊಂಡದ್ದಂತೆ. ನಾನು ಸುದ್ದಿ ಓದಿ ಹೇಳಿದಾಗ ವೈನಿ ಎಂಬತ್ತು ಕೋಟಿಗೆ ಬೆರಗಾಗಲಿಲ್ಲ. "ಇಟ್ಟಾಕಿ ಹೋದ್ಲು, ಪಾಪ. ಒಂದು ರೂಪಾಯಿ ನೋಡ್ಲಿಲ್ಲ," ಎಂದಳು.

ಮಾರುವ ಹೊತ್ತಿಗೆ ವೈನಿಯದು ಒಂದೇ ಕಟ್ಟುನಿಟ್ಟು. ಪುಸ್ತಕದಲ್ಲಿ ಏನು ಕೊರತೆ ಇದೆಯೋ ಅದನ್ನು ಕೊಳ್ಳುವವನಿಗೆ ಮೊದಲೇ ಹೇಳಬೇಕು. 1966ರ ಒಂದು ಇಂದ್ರಜಾಲಕ್ಕೆ ಪುಣೆಯ ಒಬ್ಬರು ಚಿತ್ರ ನೋಡಿಯೇ ನಾಲ್ಕು ಸಾವಿರ ಎಂದಿದ್ದರು. ಒಳಗೆ ಒಂದು ಹಾಳೆಯ ಮೂಲೆ ಕತ್ತರಿಸಿತ್ತು, ಚಿತ್ರದಲ್ಲಿ ಕಾಣುತ್ತಿರಲಿಲ್ಲ. ವೈನಿ ಆ ಹಾಳೆಯನ್ನೇ ತೆರೆಸಿ ಇನ್ನೊಂದು ಚಿತ್ರ ತೆಗೆಸಿ ಕಳಿಸಿದಳು. ಬೆಲೆ ಎರಡೂವರೆ ಸಾವಿರಕ್ಕೆ ಇಳಿಯಿತು. ಮಗ ಹಣೆ ಹಣೆ ಬಡಿದುಕೊಂಡ. ಆದರೆ ಅವರೇ ಆಮೇಲೆ ಮೂರು ಸಲ ನಮ್ಮಲ್ಲಿ ಕೊಂಡರು, ಒಂದು ಸಲವೂ ಹೆಚ್ಚಿನ ಚಿತ್ರ ಕೇಳಲಿಲ್ಲ.

ಇನ್ನೊಂದು ಸಲ ಆದದ್ದು ಇದಕ್ಕೆ ತಿರುಗಾಮುರುಗಾ. ಅಣ್ಣ ಪ್ರತಿ ಪುಸ್ತಕದ ಮೊದಲ ಪುಟಕ್ಕೆ ಅಂಗಡಿಯ ರಬ್ಬರ್ ಠಸ್ಸೆ ಒತ್ತಿರುತ್ತಿದ್ದ. ಸಂಗ್ರಹಕಾರರ ಲೆಕ್ಕದಲ್ಲಿ ಅದು ಕಲೆ, ಬೆಲೆ ಇಳಿಸುವಂಥದ್ದು. ಒಂದು ರಾತ್ರಿ ದೂರದ ಊರಿನಿಂದ ಒಬ್ಬರು ಫೋನು ಮಾಡಿದರು. ದನಿಯಲ್ಲಿ ನಮ್ಮೂರಿನ ಕನ್ನಡ. ಠಸ್ಸೆ ನೋಡಿ ಗುರುತು ಹಿಡಿದಿದ್ದರು. ಶಾಲೆ ತಪ್ಪಿಸಿ ತ್ರಿಪುರಾಂತ ಕೆರೆಯ ಕಡೆಯಿಂದ ನಡೆದು ಬಂದು ಆ ಬೆಂಚಿನ ಮೇಲೆ ಕೂಡುತ್ತಿದ್ದ ಹುಡುಗರಲ್ಲಿ ಅವರೂ ಒಬ್ಬರು. ಕೌದಿಯ ರಾಶಿಯ ಪುಸ್ತಕ, ಎಷ್ಟಾದರೂ ಹೇಳಿ ಎಂದರು. ನಾನು ಕೈಸನ್ನೆಯಿಂದ ಐದು ಬೆರಳು ತೋರಿಸಿದೆ, ಐದುನೂರು ಎಂದು. ವೈನಿ ನೋಟ್‌ಬುಕ್ಕಿನಲ್ಲಿ ಬರೆದಿದ್ದ ನಲವತ್ತೇ ಹೇಳಿದಳು. ಫೋನು ಇಟ್ಟ ಮೇಲೆ ನಾನು ಸಿಟ್ಟು ಮಾಡಿದೆ. ಫೀಯ ಲೆಕ್ಕ ನೆನಪಿಸಿದೆ. "ಆಯ್ದಕ್ಕಿ ಲಕ್ಕಮ್ಮನ ಊರಾಗ ಕೂತು ಹಂಗ ಮಾತಾಡಬ್ಯಾಡ ತಂಗಿ," ಎಂದಳು. ಗಂಡ ಮಾರಯ್ಯ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ತಿರುಗಿ ಚೆಲ್ಲಿ ಬಾ ಎಂದ ಆ ತಾಯಿಯ ಕಥೆ ಕಲ್ಯಾಣದ ಮಕ್ಕಳಿಗೆಲ್ಲ ಬಾಯಿಪಾಠ. ನಾನು ಅದನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ವೈನಿ ಅದನ್ನು ಒಂದು ನಲವತ್ತು ರೂಪಾಯಿಯ ವ್ಯವಹಾರಕ್ಕೆ ತಂದಳು.

ಕಡೆಗೆ ಎರಡು ಪುಸ್ತಕಗಳ ವಿಷಯ ಹೇಳಬೇಕು. ವೈನಿಯ ತವರು ಗಡಿಯಾಚೆಯ ಉಮರ್ಗಾ. 1975ರಲ್ಲಿ ಮದುವೆಯಾಗಿ ಬಂದಾಗ ಅವಳಿಗೆ ಕನ್ನಡ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಓದಿದ್ದು ಮರಾಠಿಯಲ್ಲಿ ನಾಲ್ಕನೇ ಇಯತ್ತೆ. ಅಣ್ಣನ ಚೀಲದಲ್ಲಿ 'ಕೃಷ್ಣ' ಮರಾಠಿಯಲ್ಲೂ ಬಂತು, ಕನ್ನಡದಲ್ಲೂ ಬಂತು. ಚಿತ್ರ ಒಂದೇ, ಮಾತಿನ ಗುಳ್ಳೆಯ ಜಾಗವೂ ಒಂದೇ, ಅಕ್ಷರ ಮಾತ್ರ ಬೇರೆ. ಮಧ್ಯಾಹ್ನ ಅಂಗಡಿ ಖಾಲಿಯಾದಾಗ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ಮರಾಠಿಯಲ್ಲಿ ಒಂದು ಗುಳ್ಳೆ ಓದಿ, ಕನ್ನಡದಲ್ಲಿ ಅದೇ ಗುಳ್ಳೆಯ ಮೇಲೆ ಬೆರಳಿಟ್ಟು, ಅವಳು ಕನ್ನಡ ಅಕ್ಷರ ಕಲಿತಳು. ಪುಟದ ಅಂಚಿನಲ್ಲೆಲ್ಲ ಪೆನ್ಸಿಲ್ಲಿನಲ್ಲಿ ತಿದ್ದಿದ ಗುರುತುಗಳಿವೆ. ಈಗ ಅವಳ ಕನ್ನಡ ಅಕ್ಷರ ನನ್ನದಕ್ಕಿಂತ ದುಂಡಗಿದೆ.

ಆ ಜೋಡಿಯನ್ನು ನಾನೇ ಪಕ್ಕಕ್ಕೆ ಇಟ್ಟಿದ್ದೆ. ಅದನ್ನು ಮಾರುವ ಮಾತೇ ಇಲ್ಲ ಎಂದುಕೊಂಡಿದ್ದೆ. ಬೆಂಗಳೂರಿನ ಒಬ್ಬ ಸಂಗ್ರಹಕಾರರು ಹಳೆಯ ಕನ್ನಡ ಅಮರ ಚಿತ್ರ ಕಥೆಗಳನ್ನೇ ಹುಡುಕುವವರು. ನಮ್ಮ ರಾಶಿಯ ಚಿತ್ರದಲ್ಲಿ ಮೂಲೆಗೆ ಕಂಡ ಆ ಪುಸ್ತಕವನ್ನು ಹಿಡಿದು ಕೇಳಿದರು. ಪೆನ್ಸಿಲ್ ಗುರುತಿದ್ದರೂ ಪರವಾಗಿಲ್ಲ, ಎರಡೂ ಸೇರಿ ಮೂರು ಸಾವಿರ ಎಂದರು. ನಾನು ಆಗುವುದಿಲ್ಲ ಎಂದು ಹೇಳಲು ಬಾಯಿ ತೆಗೆದಿದ್ದೆ. ವೈನಿ ಆಗಲೇ ಚೀಲ ಹುಡುಕುತ್ತಿದ್ದಳು.

"ವೈನಿ, ಇದನ್ನೂ ಕೊಡ್ತೀರೇನು?"

"ಕಲ್ತದ್ದು ತಲ್ಯಾಗ ಅದ. ಅದನ್ನೇನು ಅವ ಒಯ್ತಾನೇನು?" ಎಂದಳು. "ನನ್ನ ಹತ್ರ ಇದ್ರ ನಾ ಸತ್ತ ಮ್ಯಾಲ ಇವ ರದ್ದಿಗಿ ಹಾಕ್ತಾನ. ಅಂವ ಪ್ಲಾಸ್ಟಿಕ್ಕಿನಾಗ ಇಡ್ತಾನ."

ನನ್ನ ಗಂಟಲು ಕಟ್ಟಿತು. ಅವಳಿಗೇನೂ ಆಗಲಿಲ್ಲ.

ಮೊದಲ ಎಂಟು ತಿಂಗಳಲ್ಲಿ 211 ಪುಸ್ತಕಗಳು ಹೋದವು. ಟಪಾಲು ಖರ್ಚು, ಚೀಲದ ಖರ್ಚು ಕಳೆದು 68 ಸಾವಿರ ಉಳಿಯಿತು. ಚೀಲಕ್ಕೂ ಒಂದು ಪಾಠವಿದೆ: ಮೆತ್ತನೆಯ ಪಿವಿಸಿ ಹಾಳೆ ಬೇಡ, ಅದು ಕಾಲಾಂತರದಲ್ಲಿ ಜಿಗುಟಾಗಿ ಅಚ್ಚಿಗೆ ಅಂಟುತ್ತದೆ. ಪಾಲಿಪ್ರೊಪಿಲೀನಿನ ಚೀಲ, ಹಿಂದೆ ಆಮ್ಲವಿಲ್ಲದ ರಟ್ಟು, ಅದರ ಮೇಲೆ ಎರಡು ಗಟ್ಟಿ ರಟ್ಟಿನ ನಡುವೆ ಕಟ್ಟಿ ಸ್ಪೀಡ್ ಪೋಸ್ಟಿಗೆ ಕೊಡಬೇಕು. ಹಣವೆಲ್ಲ ವೈನಿಯ ಹೆಸರಿನ ಖಾತೆಗೇ ಬರುವಂತೆ ಮೊದಲ ದಿನವೇ ಮಾಡಿದ್ದೆವು. ಮಗ ಅದರ ಮೇಲೆ ಕೆಲವು ದಿನ ಮಾತು ಬಿಟ್ಟಿದ್ದ. ಎರಡನೇ ವರ್ಷದ ಫೀ ಕಟ್ಟಿದ ರಸೀತಿ ತಂದು ತೋರಿಸಿದ ದಿನ ಅವನು ಏನೂ ಅನ್ನಲಿಲ್ಲ. ಸಂಜೆ ಮಾತ್ರ ತಾನೇ ಬಂದು, ಉಳಿದ ಟ್ರಂಕನ್ನು ಇಡಲು ಹೊಸ ಮನೆಯಲ್ಲಿ ಬಿಸಿಲು ಬೀಳದ ಗೋಡೆ ಯಾವುದು ಎಂದು ತಾಯಿಯನ್ನು ಕೇಳಿದ. ಟ್ರಂಕು ಈಗ ಒಂದೇ ಉಳಿದಿದೆ.

ಆ ದೊಡ್ಡ ಊರಿನ ವ್ಯಾಪಾರಿ ಮೊನ್ನೆ ಮತ್ತೆ ಫೋನು ಮಾಡಿದ್ದರಂತೆ. ಉಳಿದದ್ದನ್ನು ಒಟ್ಟಿಗೆ ಕೊಡುತ್ತೀರಾ ಎಂದು ಕೇಳಿದ್ದಕ್ಕೆ ವೈನಿ, ಪಟ್ಟಿ ಕಳಿಸುತ್ತೇನೆ, ನೋಡಿ ಆರಿಸಿಕೊಳ್ಳಿ ಎಂದಿದ್ದಾಳೆ. ಪಟ್ಟಿ ಬರೆಯುವುದು ಈಗ ಅವಳೇ. ನಾನು ಹುಮನಾಬಾದಿನಿಂದ ಹೋದಾಗ ತಪ್ಪು ತಿದ್ದಲು ತೋರಿಸುತ್ತಾಳೆ, ತಿದ್ದುವಂಥದ್ದು ಹೆಚ್ಚೇನೂ ಇರುವುದಿಲ್ಲ. ಕಳೆದ ವಾರದ ಪಟ್ಟಿಯಲ್ಲಿ ಒಂದು ಸಾಲು ಹೀಗಿತ್ತು: "ನಂಬರು 212. ಪುಟ ಪೂರ್ತಿ ಅವ. ಪಿನ್ನಿಗೆ ತುಕ್ಕು. ರಟ್ಟಿನ ಮೇಲೆ ಒಬ್ಬ ಹುಡುಗನ ಹೆಸರು ಬರೆದದ, ಅಕ್ಷರ ಚಲೋ ಅದ. ಅರವತ್ತು ರೂಪಾಯಿ."